ಪಿಸ್ಟನ್ ಮಾಡಿದ ತಪ್ಪೇನು?

ಅನಿಮೇಷನ್‌ನಲ್ಲಿ ಎಂಜಿನ್ ಎಂದೂ ಬಿಸಿಯಾಗುವುದಿಲ್ಲ. ಸೀಲು ಸವೆಯುವುದಿಲ್ಲ, ಆಯಿಲ್ ಉರಿಯುವುದಿಲ್ಲ, ಹೊಗೆ ಬರುವುದಿಲ್ಲ. ಮೊಬೈಲ್ ಪರದೆಯ ಮೇಲೆ ನೀಲಿ ಗಾಳಿ ಒಂದು ಕಡೆಯಿಂದ ಒಳಗೆ ನುಗ್ಗುತ್ತದೆ, ಕೆಂಪಾಗುತ್ತದೆ, ಬೂದು ಬಣ್ಣಕ್ಕೆ ತಿರುಗಿ ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ. ನಡುವೆ ಒಂದು ತ್ರಿಕೋನವೋ, ಮಡಚಿಕೊಳ್ಳುವ ಚೌಕವೋ, ಬಳೆಯಂಥ ಕೊಳವೆಯೊಳಗೆ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ತುಂಡುಗಳೋ ಸದ್ದಿಲ್ಲದೆ ಸುತ್ತುತ್ತಿರುತ್ತವೆ. ಜೊತೆಗೊಂದು ಘೋಷಣೆ: ಪಿಸ್ಟನ್ ಎಂಜಿನ್ನಿನ ಕಾಲ ಮುಗಿಯಿತು, ಅರ್ಧ ತೂಕ, ದುಪ್ಪಟ್ಟು ಶಕ್ತಿ, ಚಲಿಸುವ ಭಾಗಗಳು ಎರಡೇ ಎರಡು. ನೋಡಿದವರಿಗೆ ಅನ್ನಿಸುವುದು ಸಹಜ: ಇಷ್ಟು ಸರಳವಾದದ್ದು ಕಾರು ಕಂಪನಿಗಳಿಗೆ ಹೊಳೆಯಲಿಲ್ಲವೇ, ಅಥವಾ ಬೇಕೆಂದೇ ಮುಚ್ಚಿಟ್ಟಿದ್ದಾರೆಯೇ?

ಹೊಳೆದಿದೆ. ನೂರಾರು ಸಲ ಹೊಳೆದಿದೆ. ಜೇಮ್ಸ್ ವ್ಯಾಟ್ ತನ್ನ 1769ರ ಪೇಟೆಂಟಿನಲ್ಲೇ ಪಿಸ್ಟನ್ನಿನ ಗೊಡವೆಯಿಲ್ಲದೆ ಉಗಿಯಿಂದ ನೇರವಾಗಿ ಚಕ್ರ ತಿರುಗಿಸುವ ವಿಚಾರವನ್ನೂ ಸೇರಿಸಿದ್ದ. ಅದು ಕೈಹಿಡಿಯಲಿಲ್ಲ. ಕೊನೆಗೆ ಮೇಲೆ ಕೆಳಗೆ ಆಡುವ ಪಿಸ್ಟನ್ನಿಗೇ ಹಲ್ಲುಚಕ್ರಗಳನ್ನು ಜೋಡಿಸಿ ಕಾರ್ಖಾನೆಗಳಿಗೆ ಬೇಕಾದ ತಿರುಗುವಿಕೆಯನ್ನು ಪಡೆದ. ಅಲ್ಲಿಂದ ಮುಂದೆ ಒಂದು ಶತಮಾನ ರೋಟರಿ ಉಗಿಯಂತ್ರಗಳ ಪೇಟೆಂಟ್ ಸುಗ್ಗಿಯೇ ನಡೆಯಿತು. ಜರ್ಮನಿಯ ಫ್ರಾಂಜ್ ರೂಲೋ 1875ರಲ್ಲಿ ಯಂತ್ರಗಳ ಚಲನೆಯ ಬಗ್ಗೆ ಬರೆದ ದೊಡ್ಡ ಗ್ರಂಥದಲ್ಲಿ ಇವುಗಳನ್ನು ಒಂದೊಂದಾಗಿ ಬಿಚ್ಚಿ ಹರಡಿದ. ಹೊಸದೆಂದು ಬೀಗುತ್ತಿದ್ದ ಎಷ್ಟೋ ಯಂತ್ರಗಳು ಹಳೆಯ ಪಿಸ್ಟನ್–ಕ್ರ್ಯಾಂಕ್ ಜೋಡಣೆಯ ವೇಷಾಂತರಗಳು, ಒಂದೇ ಯಂತ್ರವನ್ನು ಬೇರೆ ಬೇರೆಯವರು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಕಂಡುಹಿಡಿದಿದ್ದಾರೆ ಎಂದು ತೋರಿಸಿಕೊಟ್ಟ. ಅಷ್ಟಾದರೂ ಸಂಶೋಧಕರ ಉತ್ಸಾಹ ಕುಂದಲಿಲ್ಲ. ಉಗಿ ಹೋಗಿ ಪೆಟ್ರೋಲ್ ಬಂತು, ಕನಸು ಮಾತ್ರ ಹಾಗೇ ಮುಂದುವರಿಯಿತು.

ಪಿಸ್ಟನ್ನಿನ ಮೇಲೆ ಹೊರಿಸುವ ಮೊದಲ ಆರೋಪ ಯಾವಾಗಲೂ ಒಂದೇ. ಅದು ಪ್ರತಿ ಸುತ್ತಿಗೆ ಎರಡು ಬಾರಿ ನಿಂತು ಹಿಂದಕ್ಕೆ ತಿರುಗುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಪಿಸ್ಟನ್ ಸೆಕೆಂಡಿಗೆ 100 ಸಲ ನಿಲ್ಲಬೇಕು, 100 ಸಲ ಓಡಲು ಶುರುಮಾಡಬೇಕು. ಇದರಲ್ಲಿ ಎಷ್ಟು ಶಕ್ತಿ ಪೋಲಾಗಬೇಡ!

ಕೇಳಲು ಸರಿಯಾಗಿಯೇ ಇದೆ. ಆದರೆ ಲೆಕ್ಕ ತಪ್ಪು. ಜೋಕಾಲಿ ಎರಡೂ ತುದಿಯಲ್ಲಿ ಕ್ಷಣಕಾಲ ನಿಲ್ಲುತ್ತದೆ. ಹಾಗೆ ನಿಂತಿತೆಂದು ಅದರ ಶಕ್ತಿ ಎಲ್ಲಿಗೂ ಹೋಗಿರುವುದಿಲ್ಲ. ಪಿಸ್ಟನ್ನಿಗೆ ವೇಗ ಕೊಡಲು ಕ್ರ್ಯಾಂಕ್‌ಶಾಫ್ಟ್ ವ್ಯಯಿಸಿದ ಶಕ್ತಿಯನ್ನು, ಪಿಸ್ಟನ್ ನಿಧಾನವಾಗುವಾಗ ಕನೆಕ್ಟಿಂಗ್ ರಾಡ್ ಮೂಲಕ ಅದೇ ಕ್ರ್ಯಾಂಕ್‌ಶಾಫ್ಟಿಗೆ ಮರಳಿಸುತ್ತದೆ. ಫ್ಲೈವೀಲ್ ಅದನ್ನು ಇಟ್ಟುಕೊಂಡು ಮತ್ತೆ ಕೊಡುತ್ತದೆ. ನಿಜವಾಗಿ ಕಳೆದುಹೋಗುವುದು ಉಜ್ಜಾಟದಿಂದ, ಅಂದರೆ ಘರ್ಷಣೆಯಿಂದ. ಉಜ್ಜಾಟ ರೋಟರಿ ಎಂಜಿನ್ನುಗಳಲ್ಲೂ ಇದ್ದೇ ಇದೆ. ನಿಲ್ಲುವ–ಓಡುವ ಆಟದಿಂದ ಕಂಪನ ಬರುವುದು, ಬೇರಿಂಗುಗಳ ಮೇಲೆ ಭಾರ ಬೀಳುವುದು, ತೀರಾ ಹೆಚ್ಚು ವೇಗಕ್ಕೆ ಒಂದು ಮಿತಿ ಬೀಳುವುದು ಎಲ್ಲ ನಿಜ. ಇಂಧನ ಪೋಲಾಗುತ್ತದೆ ಎಂಬುದು ಮಾತ್ರ ನಿಜವಲ್ಲ.

ನಂಬಿಕೆ ಬಾರದಿದ್ದರೆ ಹಡಗುಗಳ ಕಡೆ ನೋಡಬಹುದು. 2006ರಲ್ಲಿ ಸಮುದ್ರಕ್ಕಿಳಿದ ಎಮ್ಮಾ ಮೇರ್ಸ್ಕ್ ಎಂಬ ಕಂಟೇನರ್ ಹಡಗಿಗೆ ಹಾಕಿದ ವಾರ್ಟ್ಸಿಲಾ ಡೀಸೆಲ್ ಎಂಜಿನ್ನಿನಲ್ಲಿ 14 ಸಿಲಿಂಡರ್. ಒಂದೊಂದು ಸಿಲಿಂಡರಿನ ಅಗಲ 96 ಸೆಂಟಿಮೀಟರ್. ಪಿಸ್ಟನ್ ಏರಿ ಇಳಿಯುವ ದೂರ ಎರಡೂವರೆ ಮೀಟರ್. ಟನ್‌ಗಟ್ಟಲೆ ತೂಗುವ ಪಿಸ್ಟನ್ನುಗಳು ನಿಮಿಷಕ್ಕೆ ನೂರರಷ್ಟು ಬಾರಿ ಮೇಲೆ ಹೋಗಿ, ನಿಂತು, ಕೆಳಗೆ ಬಂದು, ನಿಂತು, ಮತ್ತೆ ಮೇಲೇರುತ್ತವೆ. ಸಂಶೋಧಕರ ವಾದ ಸರಿಯಿದ್ದಿದ್ದರೆ ಇದು ಜಗತ್ತಿನ ಅತಿ ದುಂದುಗಾರ ಎಂಜಿನ್ ಆಗಬೇಕಿತ್ತು. ಆದರೆ ಸುಟ್ಟ ಇಂಧನದ ಶಕ್ತಿಯಲ್ಲಿ ಸುಮಾರು ಅರ್ಧದಷ್ಟನ್ನು ಕೆಲಸಕ್ಕೆ ತಿರುಗಿಸುವ ಈ ಬಗೆಯ ಎಂಜಿನ್ನುಗಳು ಮನುಷ್ಯ ಕಟ್ಟಿದ ಅತ್ಯಂತ ಮಿತವ್ಯಯದ ಎಂಜಿನ್ನುಗಳ ಸಾಲಿನಲ್ಲಿವೆ.

ಅಷ್ಟೇ ಅಲ್ಲ, ಮೇಲ್ತುದಿಯಲ್ಲಿ ಪಿಸ್ಟನ್ ಕ್ಷಣಕಾಲ ಹೆಚ್ಚುಕಡಿಮೆ ನಿಂತೇ ಇರುವುದು ಉಪಕಾರವೇ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಅತಿ ಕಡಿಮೆ ಜಾಗದಲ್ಲಿ ಒತ್ತಿಕೊಂಡಿರುವಾಗ ಬೆಂಕಿ ಹಬ್ಬಲು ಅಲ್ಲಿ ಸಮಯ ಸಿಗುತ್ತದೆ.

ಪಿಸ್ಟನ್ನಿನ ದೊಡ್ಡ ಗುಣ ಇನ್ನೂ ಸರಳವಾದದ್ದು: ಅದು ದುಂಡಗಿದೆ. ದುಂಡನೆಯ ರಂಧ್ರವನ್ನು ಕರಾರುವಾಕ್ಕಾಗಿ ಕೊರೆಯುವುದು ಯಾವ ಲೇತ್ ವರ್ಕ್‌ಶಾಪಿಗೂ ಗೊತ್ತಿರುವ ವಿದ್ಯೆ. ಅದರೊಳಗೆ ಆಡುವ ಪಿಸ್ಟನ್ನಿಗೆ ತೊಡಿಸುವ ರಿಂಗು ಒಂದೇ ಕಡೆ ಸೀಳಿರುವ ಬಳೆ. ಉರಿದ ಅನಿಲ ರಿಂಗಿನ ಹಿಂದಕ್ಕೆ ನುಸುಳಿ ಅದನ್ನೇ ಹೊರಕ್ಕೆ ಒತ್ತುತ್ತದೆ. ಒತ್ತಡ ಹೆಚ್ಚಿದಷ್ಟೂ ರಿಂಗು ಸಿಲಿಂಡರಿನ ಗೋಡೆಗೆ ಬಿಗಿಯಾಗುತ್ತದೆ. ಕೆಳಗೆ ಕ್ರ್ಯಾಂಕ್‌ಕೇಸ್‌ನಿಂದ ಸಿಡಿಯುವ ಆಯಿಲ್ ಗೋಡೆಯನ್ನು ನೆನೆಸುತ್ತದೆ, ಹೆಚ್ಚಾದದ್ದನ್ನು ಆಯಿಲ್ ರಿಂಗು ಕೆರೆದು ಕೆಳಗೆ ತಳ್ಳುತ್ತದೆ. ಇಷ್ಟು ಚೊಕ್ಕಟವಾದ ವ್ಯವಸ್ಥೆಯೂ ಒಂದು ದಿನ ಸವೆಯುತ್ತದೆ. ಬೈಕಿನ ಸೈಲೆನ್ಸರ್ ನೀಲಿ ಹೊಗೆ ಬಿಡಲು ಶುರುಮಾಡಿದರೆ ಮೆಕ್ಯಾನಿಕ್ ಕಿಕ್ಕರ್ ಒತ್ತಿ ನೋಡಿ, ‘ಕಂಪ್ರೆಷನ್ ಇಲ್ಲ ಸಾರ್, ರಿಂಗ್ ಹೋಗಿದೆ, ಬೋರ್ ಮಾಡಿಸ್ಬೇಕು’ ಎನ್ನುತ್ತಾನೆ. ಎಂಜಿನ್ನಿನ ಆಯುಸ್ಸು ಇರುವುದು ಎಲ್ಲಿ ಎಂದು ಅವನಿಗೆ ಗೊತ್ತು. ಹೊಸ ರೋಟರಿ ಎಂಜಿನ್ನಿನ ಕನಸು ಕಾಣುವವರು ಬಹುಮಟ್ಟಿಗೆ ಮರೆಯುವುದು ಇದನ್ನೇ. ಅವರ ಕಣ್ಣು ಚಲನೆಯ ಮೇಲಿರುತ್ತದೆ. ಎಂಜಿನ್ನು ಗೆಲ್ಲುವುದು ಸೋಲುವುದು ಸೀಲಿನಲ್ಲಿ, ಕಾವಿನಲ್ಲಿ, ಎಣ್ಣೆಯಲ್ಲಿ.

ಇದನ್ನು ಮರೆಯದ ಒಬ್ಬನಿದ್ದ. ಗೆದ್ದವನೂ ಅವನೊಬ್ಬನೇ, ಅದೂ ಅರ್ಧಂಬರ್ಧ.

ಫೆಲಿಕ್ಸ್ ವಾಂಕೆಲ್ 1902ರಲ್ಲಿ ಜರ್ಮನಿಯ ಲಾರ್ ಎಂಬ ಊರಿನಲ್ಲಿ ಹುಟ್ಟಿದ. ಎಂಜಿನಿಯರಿಂಗ್ ಪದವಿ ಇರಲಿಲ್ಲ, ಕಣ್ಣು ಮಂದ, ಜೀವಮಾನದಲ್ಲಿ ಡ್ರೈವಿಂಗ್ ಲೈಸೆನ್ಸ್ ಪಡೆಯಲಿಲ್ಲ. ನಾತ್ಸಿ ಪಕ್ಷದೊಂದಿಗಿನ ಅವನ ಒಡನಾಟ ಮತ್ತು ಜಗಳ, ಜೈಲುವಾಸ ಬೇರೆಯೇ ಕಥೆ. ನಮಗೆ ಮುಖ್ಯವಾದದ್ದು ಅವನು 1930 ಮತ್ತು 40ರ ದಶಕಗಳಲ್ಲಿ ಮಾಡಿದ ಕೆಲಸ. ವಿಮಾನದ ಎಂಜಿನ್ನುಗಳಿಗೆ ತಿರುಗುವ ಕವಾಟಗಳನ್ನು ರೂಪಿಸುತ್ತ, ಬಿಸಿ ಅನಿಲ ಸೋರದಂತೆ ತಡೆಯುವ ಸೀಲುಗಳ ಮೇಲೆ ವರ್ಷಗಟ್ಟಲೆ ತಲೆ ಕೆಡಿಸಿಕೊಂಡ. ಅಂದರೆ ಎಂಜಿನ್ನಿನ ಆಕಾರ ಪಕ್ಕಾ ಆಗುವ ಮೊದಲೇ ಸೀಲಿನ ಪಾಠ ಮುಗಿಸಿದ್ದ. ರೋಟರಿ ಯಂತ್ರಗಳ ನೂರಾರು ಜೋಡಣೆಗಳನ್ನು ಪಟ್ಟಿಮಾಡಿ ವಿಂಗಡಿಸಿದ ಪುಸ್ತಕವನ್ನೂ 1963ರಲ್ಲಿ ಪ್ರಕಟಿಸಿದ. ಈಗಿನ ‘ಕ್ರಾಂತಿಕಾರಿ’ ವಿನ್ಯಾಸಕರು ಒಮ್ಮೆ ಆ ಪಟ್ಟಿ ತೆರೆದು ನೋಡಿದರೆ ತಮ್ಮ ಯಂತ್ರದ ಅಜ್ಜನನ್ನು ಅಲ್ಲಿ ಕಂಡಾರು.

1957ರಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ ಓಡಿದ ವಾಂಕೆಲ್‌ನ ಮೊದಲ ಎಂಜಿನ್ನಿನಲ್ಲಿ ರೋಟರ್ ಮತ್ತು ಅದರ ಹೊರಗವಸು ಎರಡೂ ತಿರುಗುತ್ತಿದ್ದವು. ಬಹಳ ನಯ, ಬಹಳ ವೇಗ. ಆದರೆ ಸ್ಪಾರ್ಕ್ ಪ್ಲಗ್ ಬದಲಿಸಬೇಕೆಂದರೆ ಇಡೀ ಎಂಜಿನ್ ಬಿಚ್ಚಬೇಕು. ಅದೇ ಕಂಪನಿಯ ಹಾನ್ಸ್ ಡೀಟರ್ ಪಾಶ್ಕೆ ಹೊರಗವಸನ್ನು ನಿಲ್ಲಿಸಿ ರೋಟರನ್ನಷ್ಟೇ ತಿರುಗಿಸುವ ಸರಳ ರೂಪ ಕೊಟ್ಟ. ನನ್ನ ರೇಸ್ ಕುದುರೆಯನ್ನು ನೇಗಿಲಿಗೆ ಹೂಡಿದಿರಿ ಎಂಬ ಅರ್ಥದಲ್ಲಿ ವಾಂಕೆಲ್ ಗೊಣಗಿದನಂತೆ. ಜಗತ್ತು ವಾಂಕೆಲ್ ಎಂಜಿನ್ ಎಂದು ಬಲ್ಲದ್ದು ಪಾಶ್ಕೆಯ ಆ ನೇಗಿಲ ಕುದುರೆಯನ್ನೇ.

ಅದರ ಒಳಗೆ ಇಣುಕೋಣ. ಬದಿಗಳು ಉಬ್ಬಿದ ತ್ರಿಕೋನಾಕಾರದ ರೋಟರ್, ನಡು ಸ್ವಲ್ಪ ಅಮುಕಿದ ಅಂಡಾಕಾರದ ಕೋಣೆಯಲ್ಲಿ ಹೊರಳುತ್ತ ತಿರುಗುತ್ತದೆ. ಅದರ ಮೂರು ಮೂಲೆಗಳು ಸದಾ ಗೋಡೆಗೆ ತಾಗಿಕೊಂಡೇ ಇರುತ್ತವೆ. ಹೀಗೆ ಮೂರು ಕೋಣೆಗಳಾಗಿ, ಒಂದರಲ್ಲಿ ಗಾಳಿ ಒಳಬರುತ್ತಿದ್ದರೆ ಇನ್ನೊಂದರಲ್ಲಿ ಉರಿಯುತ್ತಿರುತ್ತದೆ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಕನೆಕ್ಟಿಂಗ್ ರಾಡ್ ಇಲ್ಲ. ರೋಟರ್ ಒಂದು ಸುತ್ತು ಹಾಕುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ಹಾಕಿರುತ್ತದೆ. ಜ್ಯಾಮಿತಿ ನಿಜಕ್ಕೂ ಸುಂದರ. ಅದನ್ನು ಹೊಗಳದೆ ಟೀಕಿಸಲು ಹೊರಡುವವರ ಮೇಲೆ ನನಗೆ ನಂಬಿಕೆ ಇಲ್ಲ.

ಈಗ ಮೂಲೆಯನ್ನು ಹತ್ತಿರದಿಂದ ನೋಡಿ. ಮಾಜ್ದಾ ಕಂಪನಿಯ 13ಬಿ ಎಂಜಿನ್ನಿನ ರೋಟರಿನಲ್ಲಿ ಮಧ್ಯದಿಂದ ಮೂಲೆಗೆ 105 ಮಿಲಿಮೀಟರ್, ರೋಟರಿನ ದಪ್ಪ 80 ಮಿಲಿಮೀಟರ್. ಪ್ರತಿ ಮೂಲೆಯಲ್ಲೂ ಉದ್ದಕ್ಕೆ ಒಂದು ತೋಡು, ಅದರೊಳಗೆ ಎರಡು ಮೂರು ಮಿಲಿಮೀಟರ್ ದಪ್ಪದ ಲೋಹದ ಪಟ್ಟಿ, ಪಟ್ಟಿಯನ್ನು ಹೊರಕ್ಕೆ ತಳ್ಳಲು ಕೆಳಗೊಂದು ತೆಳು ಸ್ಪ್ರಿಂಗ್. ಈ ಪಟ್ಟಿಯೇ ಅಪೆಕ್ಸ್ ಸೀಲ್. ಗೋಡೆಯನ್ನು ಅದು ತಾಗುವುದು ಒಂದು ಗೆರೆಯಷ್ಟು ಜಾಗದಲ್ಲಿ. ರೋಟರ್ ಹೊರಳುವಾಗ ಸೀಲು ಗೋಡೆಗೆ ನೆಟ್ಟಗೆ ನಿಲ್ಲುವುದಿಲ್ಲ. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುಮಾರು 25 ಡಿಗ್ರಿಯವರೆಗೆ ವಾಲುತ್ತದೆ. ಒಂದು ಸೀಲಿನ ಎರಡೂ ಬದಿಯಲ್ಲಿ ಬೇರೆ ಬೇರೆ ಒತ್ತಡ, ಬಲ ಯಾವ ಕಡೆಯಿಂದ ಬೀಳುತ್ತದೆ ಎಂಬುದು ಕ್ಷಣಕ್ಷಣಕ್ಕೂ ಬದಲು. ಅಪೆಕ್ಸ್ ಸೀಲುಗಳು ಮೂರು, ಬದಿಯ ಸೀಲುಗಳು ಆರು, ಇವೆರಡೂ ಕೂಡುವ ಕಡೆ ಪುಟ್ಟ ಮೂಲೆಸೀಲುಗಳು ಆರು. ಒಂದು ರೋಟರಿಗೆ ಹದಿನೈದು ತುಂಡು, ಸ್ಪ್ರಿಂಗುಗಳು ಬೇರೆ. ‘ಚಲಿಸುವ ಭಾಗಗಳು ಎರಡೇ’ ಎಂಬ ಜಾಹೀರಾತು ಇವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಎಣ್ಣೆಯ ಪಾಡು ಇನ್ನೊಂದು. ಈ ಎಂಜಿನ್ನಿನಲ್ಲಿ ಕೆಳಗಿನಿಂದ ಸಿಡಿದು ಸೀಲನ್ನು ನೆನೆಸುವ ಆಯಿಲ್ ಇಲ್ಲ. ಹಾಗಾಗಿ ಸಣ್ಣ ಪಂಪೊಂದು ಬೆಂಕಿ ಉರಿಯುವ ಕೋಣೆಗೇ ತೊಟ್ಟು ತೊಟ್ಟಾಗಿ ಆಯಿಲ್ ಬಿಡುತ್ತದೆ, ಅದು ಪೆಟ್ರೋಲಿನ ಜೊತೆ ಉರಿದುಹೋಗುತ್ತದೆ. (ಮೊದಲ ಮಹಾಯುದ್ಧದ ವಿಮಾನಗಳಲ್ಲಿ ಸಿಲಿಂಡರುಗಳ ಗುಂಪೇ ಗಿರಗಿರ ತಿರುಗುತ್ತಿದ್ದ ಎಂಜಿನ್ನುಗಳಿದ್ದವು. ಅವಕ್ಕೂ ರೋಟರಿ ಎಂದೇ ಹೆಸರು, ಆದರೆ ಒಳಗಿದ್ದದ್ದು ಮಾಮೂಲಿ ಪಿಸ್ಟನ್. ಅವಕ್ಕೆ ಹಾಕುತ್ತಿದ್ದ ಹರಳೆಣ್ಣೆಯೂ ಹೀಗೇ ಉರಿದು, ಉಳಿದದ್ದು ಪೈಲಟ್ಟಿನ ಮುಖಕ್ಕೆ ಸಿಡಿಯುತ್ತಿತ್ತು.)

ಕಾವಿನ ತೊಂದರೆ ಸೀಲಿಗಿಂತ ಸೂಕ್ಷ್ಮ. ಸಿಲಿಂಡರಿನಲ್ಲಿ ತಣ್ಣನೆಯ ಗಾಳಿ ಬರುವುದೂ ಬೆಂಕಿ ಉರಿಯುವುದೂ ಒಂದೇ ಜಾಗದಲ್ಲಿ, ಸರದಿಯ ಮೇಲೆ. ಗೋಡೆಗೆ ಆಗಾಗ ತಂಪು ಸಿಗುತ್ತದೆ. ವಾಂಕೆಲ್‌ನಲ್ಲಿ ಒಂದು ಪಕ್ಕ ಸದಾ ತಂಪು, ಎದುರು ಪಕ್ಕ ಸದಾ ಬೆಂಕಿ. ಒಂದೇ ಕವಚ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದೆ ಸೊಟ್ಟಗಾಗಲು ನೋಡುತ್ತದೆ. ಮೇಲಾಗಿ ಉರಿಯುವ ಕೋಣೆ ಉದ್ದ, ತೆಳ್ಳಗೆ, ಜೊತೆಗೆ ಓಡುತ್ತಲೂ ಇರುತ್ತದೆ. ಬೆಂಕಿ ಮುಂದಕ್ಕೆ ಹಬ್ಬಿದಷ್ಟು ಸುಲಭವಾಗಿ ಹಿಂದಿನ ಮೂಲೆಗೆ ಹಬ್ಬದು. ಅದಕ್ಕಾಗಿಯೇ ಒಂದು ರೋಟರಿಗೆ ಎರಡು ಸ್ಪಾರ್ಕ್ ಪ್ಲಗ್. ಅನಿಲದ ಗಾತ್ರಕ್ಕೆ ಹೋಲಿಸಿದರೆ ಗೋಡೆಯ ವಿಸ್ತಾರ ಹೆಚ್ಚಾದ್ದರಿಂದ ಶಾಖ ಗೋಡೆಗೆ ಸೋರುತ್ತದೆ, ಗೋಡೆಯ ಪಕ್ಕದ ಮಿಶ್ರಣ ಉರಿಯದೇ ಉಳಿಯುತ್ತದೆ. ಸೀಲು ಎಷ್ಟೇ ಉತ್ತಮವಾದರೂ ಈ ದೋಷ ಹೋಗುವುದಿಲ್ಲ; ಅದು ಆಕಾರದಲ್ಲೇ ಇದೆ.

ಇದೆಲ್ಲ ಪ್ರಯೋಗಾಲಯದ ತಕರಾರಾಗಿ ಉಳಿಯಲಿಲ್ಲ. 1967ರಲ್ಲಿ ಎನ್‌ಎಸ್‌ಯು ಹೊರತಂದ ರೋ 80 ಕಾರು ಮರುವರ್ಷ ಯುರೋಪಿನ ವರ್ಷದ ಕಾರು ಎಂಬ ಪ್ರಶಸ್ತಿ ಪಡೆಯಿತು. ಇಂದು ನೋಡಿದರೂ ಹಳೆಯದೆನಿಸದ ಚೆಲುವೆ. ಆದರೆ ಸೀಲುಗಳು ಬೇಗ ಬೇಗ ಕೈಕೊಟ್ಟವು, ವಾರಂಟಿಯಡಿ ಎಂಜಿನ್ ಬದಲಿಸಿಕೊಡುತ್ತ ಕಂಪನಿ ಸೊರಗಿತು. ಎದುರಾದ ಇಬ್ಬರು ರೋ 80 ಮಾಲೀಕರು ಕೈಬೀಸುವ ಬದಲು ಬೆರಳು ತೋರಿಸುತ್ತಿದ್ದರೆಂದೂ, ಅದು ಈವರೆಗೆ ಬದಲಿಸಿದ ಎಂಜಿನ್ನುಗಳ ಲೆಕ್ಕವೆಂದೂ ಜರ್ಮನ್ನರು ನಗೆಯಾಡುತ್ತಿದ್ದರು. 1969ರಲ್ಲಿ ಎನ್‌ಎಸ್‌ಯು ಫೋಕ್ಸ್‌ವ್ಯಾಗನ್ ತೆಕ್ಕೆಗೆ ಬಿದ್ದು ಆಟೊ ಯೂನಿಯನ್ ಜೊತೆ ಸೇರಿಹೋಯಿತು. ಅದೇ ಇಂದಿನ ಆಡಿಯ ಬೇರು.

ಮಾಜ್ದಾದ ಊರಾದ ಜಪಾನಿನ ಹಿರೋಶಿಮಾದಲ್ಲಿ ಕಥೆ ಬೇರೆ ತಿರುವು ಪಡೆಯಿತು. ಪರವಾನಗಿ ಪಡೆದು ತಂದ ಮಾದರಿ ಎಂಜಿನ್ನನ್ನು ಓಡಿಸಿ ಬಿಚ್ಚಿ ನೋಡಿದರೆ, ಒಳಗಿನ ನಯವಾದ ಗೋಡೆಯ ಮೇಲೆ ಸಾಲು ಸಾಲು ಗೀರು. ಮಾಜ್ದಾದ ಎಂಜಿನಿಯರುಗಳು ಅದಕ್ಕೆ ಕೊಟ್ಟ ಹೆಸರು ದೆವ್ವದ ಉಗುರಿನ ಗುರುತು. ಕೆನಿಚಿ ಯಮಮೊಟೊ ನೇತೃತ್ವದ 47 ಜನರ ತಂಡ ವರ್ಷಗಟ್ಟಲೆ ಈ ಗೀರುಗಳ ಹಿಂದೆ ಬಿತ್ತು. ಸೀಲು ತನ್ನದೇ ಕಂಪನದಲ್ಲಿ ಗೋಡೆಯ ಮೇಲೆ ಪುಟಿಯುತ್ತಿದೆ ಎಂದು ತಿಳಿದ ಮೇಲೆ, ಸೀಲಿನೊಳಗೆ ರಂಧ್ರ ಕೊರೆದು ಅದರ ಕಂಪನದ ಗುಣವನ್ನೇ ಬದಲಿಸಿದರು. 1967ರ ಕಾಸ್ಮೊ ಸ್ಪೋರ್ಟ್ ಕಾರಿಗೆ ಇಂಗಾಲ ಮತ್ತು ಅಲ್ಯೂಮಿನಿಯಂ ಬೆರೆಸಿದ ಸೀಲು ಬಂತು. ಮರುವರ್ಷ ಆ ಕಾರು ಜರ್ಮನಿಯ ನರ್ಬರ್ಗ್‌ರಿಂಗ್‌ನಲ್ಲಿ 84 ಗಂಟೆಗಳ ರೇಸು ಮುಗಿಸಿ ನಾಲ್ಕನೆಯದಾಗಿ ಬಂತು. ಗಮನಿಸಿ: ಮಾಜ್ದಾ ಗೆದ್ದದ್ದು ಹೊಸ ಚಲನೆಯನ್ನು ಕಂಡುಹಿಡಿದು ಅಲ್ಲ, ಒಂದು ಲೋಹದ ಪಟ್ಟಿಯ ಜೊತೆ ಗುದ್ದಾಡಿ.

ಆಗಿನ ಉತ್ಸಾಹ ಕಂಪನಿಗಳನ್ನು ಬಿಡಿ, ದೇಶಗಳನ್ನೇ ಆವರಿಸಿತ್ತು. ಮರ್ಸಿಡಿಸ್, ರೋಲ್ಸ್ ರಾಯ್ಸ್, ಸಿಟ್ರೊಎನ್, ಸುಜುಕಿ, ಸೋವಿಯತ್ ಒಕ್ಕೂಟದ ಲಾಡಾ ಎಲ್ಲವೂ ವಾಂಕೆಲ್ ಹಿಂದೆ ಬಿದ್ದವು. ಅಮೆರಿಕದ ಜನರಲ್ ಮೋಟರ್ಸ್ 1970ರಲ್ಲಿ 5 ಕೋಟಿ ಡಾಲರಿಗೆ ಹಕ್ಕು ಖರೀದಿಸಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು. ಪೇಟೆಯ ಓಡಾಟದಲ್ಲಿ ಲೀಟರಿಗೆ ಐದು ಕಿಲೋಮೀಟರನ್ನೂ ಕೊಡದ ರೋಟರಿ ಕಾರುಗಳನ್ನು ಆಮೇಲೆ ಕೇಳುವವರಿಲ್ಲವಾದರು. 1974ರಲ್ಲಿ ಜನರಲ್ ಮೋಟರ್ಸ್ ಕೈತೊಳೆದುಕೊಂಡಿತು. ಅದರ ಎಂಜಿನ್ನನ್ನೇ ನಂಬಿ ಪೇಸರ್ ಕಾರು ರೂಪಿಸಿದ್ದ ಎಎಂಸಿ ಕಂಪನಿ, ಕಾರಿನ ಮುಂಭಾಗವನ್ನು ತಿದ್ದಿ ಆರು ಸಿಲಿಂಡರಿನ ಹಳೆಯ ಎಂಜಿನ್ ತುರುಕಿತು. ಸಿಟ್ರೊಎನ್ ಮಾರಿದ್ದ ಕಾರುಗಳನ್ನೇ ವಾಪಸ್ ಕೊಂಡು ಗುಜರಿಗೆ ಹಾಕಿತು. ಮಾಜ್ದಾವನ್ನು ಬ್ಯಾಂಕು ಬದುಕಿಸಿತು.

ರೋಟರಿ ಅಭಿಮಾನಿಗಳು ಇಷ್ಟರಲ್ಲಿ ಎದ್ದು ನಿಂತು 1991ರ ಲ ಮಾನ್ಸ್ ನೆನಪಿಸುತ್ತಾರೆ. ಹೌದು, 24 ಗಂಟೆಗಳ ಆ ಓಟವನ್ನು ನಾಲ್ಕು ರೋಟರಿನ ಮಾಜ್ದಾ 787ಬಿ ಗೆದ್ದಿತು. ಒಂದೊಂದು ರೋಟರಿಗೆ ಮೂರು ಪ್ಲಗ್, ಸೆರಾಮಿಕ್ ಸೀಲು, ಸುಮಾರು 700 ಅಶ್ವಶಕ್ತಿ. ಅದು ಪ್ರಶ್ನಾತೀತ ಸಾಧನೆ. ಗೆದ್ದ ಕೋಪಕ್ಕೆ ರೋಟರಿಯನ್ನು ನಿಷೇಧಿಸಿದರು ಎಂಬ ಪ್ರಚಲಿತ ಕಥೆ ಮಾತ್ರ ಸುಳ್ಳು. ಮೂರೂವರೆ ಲೀಟರಿನ ಪಿಸ್ಟನ್ ಎಂಜಿನ್ನುಗಳ ನಿಯಮ ಆ ಓಟಕ್ಕೆ ಮೊದಲೇ ತೀರ್ಮಾನವಾಗಿತ್ತು. ಇಂಥ ಪಿತೂರಿಯ ಕಥೆಗಳು ರೋಟರಿ ಎಂಜಿನ್ನಿಗೆ ಎಲ್ಲ ಕಡೆ ಅಂಟಿಕೊಂಡಿವೆ.

ಗಾತ್ರದ ಲೆಕ್ಕದಲ್ಲೂ ಒಂದು ಕೈಚಳಕವಿದೆ. ಮಾಜ್ದಾ 13ಬಿ ಎಂಜಿನ್ 1.3 ಲೀಟರ್ ಎಂದು ಹೇಳಿಕೊಳ್ಳುತ್ತದೆ: 654 ಸಿಸಿಯ ಎರಡು ರೋಟರ್. ಇಷ್ಟು ಪುಟ್ಟ ಎಂಜಿನ್ನಿಗೆ ಅಷ್ಟು ಶಕ್ತಿಯೇ ಎಂದು ಬೆರಗಾಗುವ ಮೊದಲು, ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಅದು ಎಷ್ಟು ಗಾಳಿ ನುಂಗುತ್ತದೆ ಎಂದು ಕೇಳಬೇಕು. 2.6 ಲೀಟರ್. ಅದೇ ಎರಡು ಸುತ್ತಿಗೆ ಅಷ್ಟೇ ಗಾಳಿ ನುಂಗುವ ಮಾಮೂಲಿ ಫೋರ್-ಸ್ಟ್ರೋಕ್ ಎಂಜಿನ್ ಎಂದರೆ 2.6 ಲೀಟರಿನದು. ಹಾಗೆ ಹೋಲಿಸಿದಾಗ ಪವಾಡ ಅರ್ಧ ಕರಗುತ್ತದೆ. ಹಗುರ, ನಯ ಎಂಬ ಗುಣಗಳು ಉಳಿಯುತ್ತವೆ, ಅವು ನಿಜವಾದವು. ಹೊಸ ವಿನ್ಯಾಸಗಳ ಜಾಹೀರಾತುಗಳಲ್ಲಿ ಈ ಕೈಚಳಕ ಇನ್ನೂ ಧಾರಾಳ: ಒಂದು ಸುತ್ತಿಗೆ ಹದಿನಾರು ಸ್ಫೋಟ, ಮೂವತ್ತೆರಡು ಸ್ಫೋಟ ಎಂದು ಎಣಿಸಿ, ಕಾಗದದ ಮೇಲೆಯೇ ಸಾವಿರಾರು ಅಶ್ವಶಕ್ತಿ ಹುಟ್ಟಿಸುತ್ತಾರೆ.

ಬಳೆಯಾಕಾರದ ಕೊಳವೆಯಲ್ಲಿ ತುಂಡುಗಳು ಒಂದನ್ನೊಂದು ಅಟ್ಟುವ ವಿನ್ಯಾಸವನ್ನೇ ತೆಗೆದುಕೊಳ್ಳಿ. ಎಂಜಿನಿಯರುಗಳು ಇದನ್ನು ಬೆಕ್ಕು–ಇಲಿ ಎಂಜಿನ್ ಎನ್ನುತ್ತಾರೆ. ಕಳೆದ ಶತಮಾನದಲ್ಲಿ ಚೂಡಿ, ಕಾವರ್ಟ್ಜ್ ಮೊದಲಾದವರು ಮಾಡಿ ನೋಡಿ ಬಿಟ್ಟದ್ದು. ಆಮೇಲೂ ಹೊಸ ಹೊಸ ಹೆಸರಿನಲ್ಲಿ ಬರುತ್ತಲೇ ಇದೆ. ಇಲ್ಲಿ ಒಂದು ತುಂಡು ಓಡುವಾಗ ಇನ್ನೊಂದು ನಿಲ್ಲಬೇಕು ಅಥವಾ ನಿಧಾನವಾಗಬೇಕು, ಇಲ್ಲದಿದ್ದರೆ ನಡುವಿನ ಗಾಳಿ ಒತ್ತಿಕೊಳ್ಳುವುದೇ ಇಲ್ಲ. ಅಂದರೆ ಯಾವ ನಿಲ್ಲುವ–ಓಡುವ ಆಟಕ್ಕಾಗಿ ಪಿಸ್ಟನ್ನನ್ನು ಹಳಿದರೋ ಅದೇ ಆಟ ಇಲ್ಲಿಗೂ ಬಂತು. ಅದನ್ನು ತಾಳಿಕೊಳ್ಳಲು ಗಟ್ಟಿಮುಟ್ಟಾದ ಕ್ರ್ಯಾಂಕ್ ಇಲ್ಲ. ಗೇರಿನ ಹಲ್ಲುಗಳೋ, ತಡೆಗೊಕ್ಕೆಗಳೋ ಆ ಏಟು ತಿನ್ನಬೇಕು.

ಇಂಥವುಗಳ ಪ್ರದರ್ಶನವೂ ನೋಡುವಂತಿರುತ್ತದೆ. ಯಂತ್ರಕ್ಕೆ ಕಂಪ್ರೆಸರಿನಿಂದ ಗಾಳಿ ಬಿಡುತ್ತಾರೆ, ಅದು ಗಿರ್ರನೆ ತಿರುಗುತ್ತದೆ, ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ಒತ್ತಡದ ಗಾಳಿಯಿಂದ ತಿರುಗುವುದೇ ಸಾಧನೆಯಾದರೆ ಟೈರ್ ಅಂಗಡಿಯಲ್ಲಿ ಚಕ್ರದ ನಟ್ ಬಿಚ್ಚುವ ಗನ್ನಿಗೂ ಚಪ್ಪಾಳೆ ಸಲ್ಲಬೇಕು. ಅದರೊಳಗಿರುವುದೂ ಒಂದು ರೋಟರಿ ಯಂತ್ರವೇ. ಮನೆಯ ಎಸಿಯ ಕಂಪ್ರೆಸರ್, ಕಾರಿನ ಆಯಿಲ್ ಪಂಪ್ ಬಹುಮಟ್ಟಿಗೆ ರೋಟರಿಗಳೇ. ವರ್ಷಾನುಗಟ್ಟಲೆ ದೂರಿಲ್ಲದೆ ದುಡಿಯುತ್ತವೆ. ತಣ್ಣಗಿರುವ, ಎಣ್ಣೆ ಧಾರಾಳವಾಗಿರುವ ಕಡೆ ಈ ಆಕಾರಗಳಿಗೆ ಸಾಟಿಯಿಲ್ಲ. ಒಳಗೆ 2,000 ಡಿಗ್ರಿ ದಾಟುವ ಬೆಂಕಿ ಹೊತ್ತಿಸಿದಾಗಲೇ ಬಣ್ಣ ಬಯಲಾಗುವುದು.

ಟಿವಿಯಲ್ಲಿ ಹುಟ್ಟಿದ ಒಂದು ಎಂಜಿನ್ನಿನ ಕಥೆ ಇಲ್ಲಿ ಹೇಳಬೇಕು. ಆಸ್ಟ್ರೇಲಿಯಾದ ಪರ್ತ್ ನಗರದ ರಾಲ್ಫ್ ಸಾರಿಚ್, ತನ್ನ ಆರ್ಬಿಟಲ್ ಎಂಜಿನ್ನಿನೊಂದಿಗೆ 1972ರಲ್ಲಿ ಅಲ್ಲಿನ ಸಂಶೋಧಕರ ಟಿವಿ ಕಾರ್ಯಕ್ರಮದಲ್ಲಿ ಗೆದ್ದು ಮನೆಮಾತಾದ. ಬಿಎಚ್‌ಪಿ ಎಂಬ ದೈತ್ಯ ಗಣಿ ಕಂಪನಿ ಹಣ ಹೂಡಿತು. ಒಳಗಿನ ಭಾಗ ತಿರುಗದೆ ಸುತ್ತಾಡುತ್ತಿತ್ತು, ತೆಳು ಫಲಕಗಳು ಕೋಣೆಗಳನ್ನು ಬೇರ್ಪಡಿಸುತ್ತಿದ್ದವು. ಅದೇ ಹಳೆಯ ರಾಗ: ಆ ಫಲಕಗಳನ್ನು ತಂಪಾಗಿಡುವುದು, ಎಣ್ಣೆ ಮುಟ್ಟಿಸುವುದು, ಸೋರದಂತೆ ನೋಡಿಕೊಳ್ಳುವುದು ಆಗಲಿಲ್ಲ. ಆ ಎಂಜಿನ್ ಯಾವ ಕಾರಿನಲ್ಲೂ ಮಾರಾಟಕ್ಕೆ ಬರಲಿಲ್ಲ. ಆದರೆ ಸಾರಿಚ್‌ನ ಕಂಪನಿ ಮುಳುಗಲಿಲ್ಲ, ಏಕೆಂದರೆ ಹಟ ಹಿಡಿಯಲಿಲ್ಲ. ಆ ಎಂಜಿನ್ನಿಗಾಗಿ ಕಲಿತ ಇಂಧನ ಚಿಮ್ಮಿಸುವ ವಿದ್ಯೆಯನ್ನು ಮಾಮೂಲಿ ಟೂ-ಸ್ಟ್ರೋಕ್ ಪಿಸ್ಟನ್ ಎಂಜಿನ್ನುಗಳಿಗೆ ಅಳವಡಿಸಿ ಮಾರಿತು. ದೋಣಿಗಳ ಮೋಟರುಗಳಿಗೆ, ಇಟಲಿಯ ಸ್ಕೂಟರುಗಳಿಗೆ ಅದು ಹೋಯಿತು. 2000ರ ದಶಕದಲ್ಲಿ ಬಜಾಜ್ ಕಂಪನಿ ತನ್ನ ಟೂ-ಸ್ಟ್ರೋಕ್ ಆಟೋರಿಕ್ಷಾಕ್ಕೂ ಆ ತಂತ್ರವನ್ನೇ ತಂದಿತು. ಪಿಸ್ಟನ್ನನ್ನು ಹೊರಹಾಕಲು ಹೊರಟ ಯೋಜನೆಯೊಂದು ಪಿಸ್ಟನ್ನಿಗೇ ಇನ್ನಷ್ಟು ಆಯುಸ್ಸು ಕೊಟ್ಟಿತು.

ಹಾಗಾದರೆ ರೋಟರಿಗೆ ಜಾಗವೇ ಇಲ್ಲವೇ? ಇದೆ, ಅದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ರಕ್ಷಣಾ ಸಂಶೋಧನಾ ಸಂಸ್ಥೆ ಎಡಿಇ ರೂಪಿಸಿದ ಪೈಲಟ್‌ರಹಿತ ವಿಮಾನ ನಿಶಾಂತ್‌ಗೆ ಮೊದಲು ಹೊರದೇಶದ ವಾಂಕೆಲ್ ಎಂಜಿನ್ ಇತ್ತು. ಆಮೇಲೆ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್, ಅಹ್ಮದ್‌ನಗರದ ರಕ್ಷಣಾ ವಾಹನ ಸಂಶೋಧನಾ ಸಂಸ್ಥೆ ವಿಆರ್‌ಡಿಇ ಮತ್ತು ಎಡಿಇ ಸೇರಿ 55 ಅಶ್ವಶಕ್ತಿಯ ದೇಶಿ ವಾಂಕೆಲ್ ಕಟ್ಟಿದವು. 2009ರ ಏಪ್ರಿಲ್‌ನಲ್ಲಿ ಕೋಲಾರದ ಬಳಿ ಅದನ್ನು ಹೊತ್ತ ನಿಶಾಂತ್ ಹಾರಿತು. ಎನ್‌ಎಎಲ್ ಈ ಕೆಲಸಕ್ಕಾಗಿ ಬೆಳೆಸಿಕೊಂಡ ವಿದ್ಯೆಗಳಲ್ಲಿ ಒಂದು, ಗೋಡೆಯ ಒಳಮೈಗೆ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪ ಕೂರಿಸುವುದು. ಮತ್ತೆ ಅದೇ ಸೀಲು, ಅದೇ ಗೋಡೆ. ಡ್ರೋನಿಗೆ ಬೇಕಾದದ್ದು ಕಡಿಮೆ ತೂಕ, ಕ್ಯಾಮೆರಾ ನಡುಗದಂಥ ನಯ. ಕೆಲವು ನೂರು ಗಂಟೆಗೊಮ್ಮೆ ಬಿಚ್ಚಿ ಸೀಲು ಬದಲಿಸಿದರೂ ಅಲ್ಲಿ ನಡೆಯುತ್ತದೆ. ಮನೆ ಮಂದಿಯ ಕಾರಿಗೆ ನಡೆಯುವುದಿಲ್ಲ. ಮಾಜ್ದಾ ಕೂಡ 2023ರಲ್ಲಿ ರೋಟರಿಯನ್ನು ಮರಳಿ ತಂದದ್ದು ಚಕ್ರ ತಿರುಗಿಸಲು ಅಲ್ಲ. ಎಂಎಕ್ಸ್-30 ಕಾರಿನ ಬ್ಯಾಟರಿಗೆ ವಿದ್ಯುತ್ ಒದಗಿಸುವ, 830 ಸಿಸಿಯ ಒಂಟಿ ರೋಟರಿನ ಜನರೇಟರ್ ಆಗಿ.

ಅಮೆರಿಕದ ಲಿಕ್ವಿಡ್‌ಪಿಸ್ಟನ್ ಕಂಪನಿ 2000ರ ದಶಕದಿಂದ ವಾಂಕೆಲ್‌ನ ಒಳಹೊರಗನ್ನು ತಿರುವಿ ಹಾಕಿದಂಥ ವಿನ್ಯಾಸದ ಮೇಲೆ ದುಡಿಯುತ್ತಿದೆ. ಅದರಲ್ಲಿ ಮೂಲೆಯ ಸೀಲುಗಳು ರೋಟರಿನ ಬದಲು ನಿಂತ ಗೋಡೆಯಲ್ಲಿವೆ, ಆದ್ದರಿಂದ ಎಣ್ಣೆ ಮುಟ್ಟಿಸುವುದು ಸುಲಭ. ಸರಿಯಾದ ಜಾಗಕ್ಕೆ ಕೈಹಾಕಿದ್ದಾರೆ ಎಂಬ ಕಾರಣಕ್ಕೆ ನನಗೆ ಇವರ ಮೇಲೆ ಗೌರವವಿದೆ. ಅಮೆರಿಕದ ಸೇನೆಯೂ ಗುತ್ತಿಗೆಗಳನ್ನು ಕೊಟ್ಟಿದೆ. ಆದರೂ ಸಾಮಾನ್ಯ ಜನರಿಂದ ಸಣ್ಣ ಸಣ್ಣ ಮೊತ್ತದಲ್ಲಿ ಬಂಡವಾಳ ಎತ್ತಿದ ಈ ಕಂಪನಿಯ ಎಂಜಿನ್ ಹಾಕಿದ ಕಾರನ್ನೋ ಬೈಕನ್ನೋ ಎರಡು ದಶಕಗಳ ನಂತರವೂ ಯಾರೂ ಶೋರೂಮಿನಲ್ಲಿ ಕೊಳ್ಳಲಾರರು. ಒಳ್ಳೆಯ ತಂಡಕ್ಕೂ ಈ ದಾರಿ ಇಷ್ಟು ಉದ್ದ.

ಹೀಗಿರುವಾಗ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಮೇಳದಲ್ಲೋ, ಹೂಡಿಕೆದಾರರ ಸಭೆಯಲ್ಲೋ ಯಾರಾದರೂ ಹೊಸ ರೋಟರಿ ಎಂಜಿನ್ ತೋರಿಸಿದರೆ ನಗಬೇಕಾಗಿಲ್ಲ. ಸಂಶೋಧಕರಲ್ಲಿ ಬಹುಪಾಲು ಪ್ರಾಮಾಣಿಕರೇ. ಮೊದಲು ಮೋಸಹೋಗಿರುವುದು ಅವರೇ. ಪೇಟೆಂಟ್ ಪತ್ರ ನೋಡಿ ಮಾತ್ರ ಮರುಳಾಗಬೇಡಿ. ಪೇಟೆಂಟ್ ಕಚೇರಿ ಒಂದು ವಿಚಾರ ಹೊಸದೋ ಅಲ್ಲವೋ ನೋಡುತ್ತದೆ, ಎಂಜಿನ್ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು ನೋಡುವುದಿಲ್ಲ. ಎಂಜಿನ್ನಿನ ಶಕ್ತಿ ಅಳೆಯುವ ಡೈನಮೊಮೀಟರಿನ ಮೇಲೆ ಇಂಧನ ಉರಿಸಿ ಓಡಿಸಿದ ವರದಿ ಕೇಳಿ. ಒಂದು ಕಿಲೋವ್ಯಾಟ್–ಗಂಟೆ ಕೆಲಸಕ್ಕೆ ಎಷ್ಟು ಗ್ರಾಂ ಇಂಧನ ಬೇಕಾಯಿತು ಎಂದು ಕೇಳಿ. ಕಾರಿನ ಒಳ್ಳೆಯ ಪೆಟ್ರೋಲ್ ಪಿಸ್ಟನ್ ಎಂಜಿನ್ ತನ್ನ ಹದವಾದ ವೇಗದಲ್ಲಿ 220ರಿಂದ 250 ಗ್ರಾಂನಲ್ಲಿ ಮುಗಿಸುತ್ತದೆ, ವಾಂಕೆಲ್‌ಗೆ 300ರ ಆಸುಪಾಸು ಬೇಕು. ನಿಲ್ಲಿಸದೆ ಎಷ್ಟು ಗಂಟೆ ಓಡಿಸಿದ್ದಾರೆ, ಆಮೇಲೆ ಬಿಚ್ಚಿದಾಗ ಸೀಲು ಹೇಗಿತ್ತು ಎಂದು ಕೇಳಿ. ಆ ಸೀಲನ್ನೇ ಕೈಗೆ ಕೊಡಿ ಎನ್ನಿ. ಪರೀಕ್ಷೆ ಮಾಡಿದ್ದು ಅವರದೇ ಶೆಡ್ಡಿನಲ್ಲೋ, ಬೇರೆಯವರ ಪ್ರಯೋಗಾಲಯದಲ್ಲೋ ಎಂಬುದನ್ನೂ ತಿಳಿದುಕೊಳ್ಳಿ. ಉತ್ತರದ ಬದಲು ಇನ್ನೊಂದು ಅನಿಮೇಷನ್ ತೋರಿಸಿದರೆ ಕಾಫಿ ಕುಡಿದು, ವಂದನೆ ಹೇಳಿ, ಚೆಕ್‌ಬುಕ್ ಹೊರತೆಗೆಯದೆ ಎದ್ದು ಬನ್ನಿ.